ಆರನೇ ಮನೆಯ ಮತ

ಬದುಕಿದ್ದ, ಮನೆ ಬಿಟ್ಟಿರದ ಒಬ್ಬ ಹೆಂಗಸಿನ ಹೆಸರನ್ನು ನಾನು ಮತದಾರರ ಪಟ್ಟಿಯಿಂದ ತೆಗೆಸಿಹಾಕಿದೆ. ಆಕೆಯ ಹೆಸರಿನ ಮುಂದೆ ನಾನು ‘ಸ್ಥಳಾಂತರ’ ಎಂದು ಬರೆಯುತ್ತಿದ್ದ ಹೊತ್ತಿನಲ್ಲಿ ಆಕೆ ಐದಾರು ಕಿಲೋಮೀಟರ್ ಆಚೆ, ಪೀಣ್ಯದ ಗಾರ್ಮೆಂಟ್ಸ್ ಒಂದರಲ್ಲಿ ಕೂತು ಅಂಗಿಗಳಿಗೆ ಕಾಲರ್ ಹೊಲಿಯುತ್ತಿದ್ದರು. ಇಷ್ಟು ಮಾತ್ರ ಖಚಿತ. ಉಳಿದದ್ದನ್ನು ಹೇಳುವಾಗ ನಾನು ಎಚ್ಚರದಿಂದಿರಬೇಕು. ನನ್ನ ನೆನಪಿಗೆ ನನ್ನ ಪರವಾಗಿ ವಾದ ಮಾಡುವ ಚಾಳಿಯಿದೆ.

ಆಗ ನಾನು ಚಿಕ್ಕಬಾಣಾವರದ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ನಾಲ್ಕನೇ ತರಗತಿಗೆ ಟೀಚರ್. ಎರಡು ಸಾವಿರದ ಹತ್ತು ದಾಟಿದ ವರ್ಷಗಳು. ನಮ್ಮ ಮತಗಟ್ಟೆಯ ಪಟ್ಟಿ ನೋಡಿಕೊಳ್ಳುತ್ತಿದ್ದ ಮೇಷ್ಟ್ರು ವರ್ಗವಾಗಿ ಹೋದದ್ದರಿಂದ ಆ ಕೆಲಸ ನನ್ನ ಪಾಲಿಗೆ ಬಂತು. ಬಿ.ಎಲ್.ಓ. ಅನ್ನುತ್ತಾರೆ. ಪಟ್ಟಿ ಹಿಡಿದು ಮನೆಮನೆಗೆ ಹೋಗುವುದು, ಹೆಸರಿರುವವರು ಅಲ್ಲೇ ಇದ್ದಾರೆಯೇ ಎಂದು ನೋಡುವುದು, ಹೊಸಬರನ್ನು ಸೇರಿಸಲು, ಸತ್ತವರನ್ನೂ ಬಿಟ್ಟುಹೋದವರನ್ನೂ ತೆಗೆಯಲು ಮೇಲಿನ ಕಚೇರಿಗೆ ಬರೆದು ಕಳಿಸುವುದು. ಮಧ್ಯಾಹ್ನದ ಬಿಸಿಯೂಟವಾದ ಮೇಲೆ ನನ್ನ ಮಕ್ಕಳನ್ನು ಐದನೇ ತರಗತಿಯವರ ಜೊತೆ ಕೂರಿಸಿ ಹೊರಡುತ್ತಿದ್ದೆ.

ಆ ಹೊತ್ತಿಗೆ ನಮ್ಮ ಕಡೆಯ ವಠಾರಗಳಲ್ಲಿ ಇರುತ್ತಿದ್ದದ್ದು ಬೀಗಗಳು. ಬೆಳಿಗ್ಗೆ ಏಳೂವರೆಗೆ ಟೆಂಪೊ ಹತ್ತಿ ಫ್ಯಾಕ್ಟರಿಗೆ ಹೋದ ಹೆಂಗಸರು ಸಂಜೆ ಆರೂವರೆಗೆ ಮುಂಚೆ ಬರುವವರಲ್ಲ. ಇದು ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ನನ್ನ ತರಗತಿಯ ಅರ್ಧ ಮಕ್ಕಳ ಕುತ್ತಿಗೆಯಲ್ಲಿ ಮನೆಯ ಬೀಗದ ಕೈ ದಾರದಲ್ಲಿ ನೇತಾಡುತ್ತಿತ್ತು. ಆದರೂ ಮಧ್ಯಾಹ್ನವೇ ಹೋಗುತ್ತಿದ್ದೆ. ನನಗೂ ಸಂಜೆ ಮನೆ ಸೇರುವ ಬಸ್ಸು ಇತ್ತು.

ರೈಲು ಹಳಿಯ ಪಕ್ಕದ ಆ ವಠಾರಕ್ಕೆ ಹೋದ ದಿನ ನನ್ನ ನೆನಪಿನಲ್ಲಿ ಹೀಗಿದೆ. ಪಟ್ಟಿಯಲ್ಲಿ ಆರನೇ ಮನೆ ಎಂದಿತ್ತು. ಕೆಂಪು ಬಣ್ಣದಲ್ಲಿ ಆರು ಎಂದು ಬರೆದಿದ್ದ ಬಾಗಿಲು ತಟ್ಟಿದೆ. ಮುಖದ ಅರ್ಧಕ್ಕೆ ಸೋಪು ಹಚ್ಚಿಕೊಂಡಿದ್ದ ಒಬ್ಬ ಗಂಡಸು ಹೊರಗೆ ಬಂದ. ಒಡಿಶಾದವನಂತೆ, ರಾತ್ರಿ ಪಾಳಿಯವನು. ನಾನು ಹೆಂಗಸಿನ ಹೆಸರು ಓದಿದೆ. ಅವನು ಇಲ್ಲ ಎಂದು ತಲೆಯಾಡಿಸಿದ. ಆಮೇಲೆ ನಾನು ವಠಾರದ ಯಜಮಾನಿಯನ್ನು ಕೇಳಿದೆ. ಅವರು ಮುಂದಿನ ಮನೆಯ ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದರು. ‘ಖಾಲಿ ಮಾಡ್ಕೊಂಡೋದ್ರು’ ಎಂದರು. ನಾನು ಬರೆದುಕೊಂಡೆ.

ನಾನು ದಿನಚರಿ ಬರೆಯುವವಳು. ಆ ದಿನದ ಪುಟದಲ್ಲಿ ಇರುವುದು ಇಷ್ಟು: ‘ಹಳಿ ಪಕ್ಕದ ವಠಾರ ಮುಗಿಯಿತು. ಮೂವರು ಸ್ಥಳಾಂತರ. ಕಾಲು ಉರಿ. ಕನ್ನಡ ಪೇಪರ್ ಅರ್ಧ ತಿದ್ದಿದೆ.’ ಯಜಮಾನಿಯೂ ಇಲ್ಲ, ಅವರೆಕಾಯಿಯೂ ಇಲ್ಲ.

ವಿಧಾನಸಭೆ ಚುನಾವಣೆಯ ದಿನ ಶಾಲೆಯ ಗೇಟಿನ ಬಳಿ ಹೊಂಗೆ ಮರದ ಕೆಳಗೆ ನನಗೊಂದು ಮೇಜು ಹಾಕಿದ್ದರು. ನನ್ನ ತರಗತಿಯ ಕೋಣೆಯೇ ಮತಗಟ್ಟೆ. ಮುಂಚಿತವಾಗಿ ಮನೆಗೆ ಹಂಚುವ ಮತದಾರರ ಚೀಟಿ ಸಿಗದವರಿಗೆ ಕ್ರಮಸಂಖ್ಯೆ ಹುಡುಕಿ ಹೇಳುವುದು ನನ್ನ ಕೆಲಸ. ಎಂಟು ಗಂಟೆಯ ಸುಮಾರಿಗೆ ಮೂವತ್ತರ ಆಸುಪಾಸಿನ ಒಬ್ಬ ಹೆಂಗಸು ಬಂದರು. ತಲೆಸ್ನಾನ ಮಾಡಿ ಒದ್ದೆ ಕೂದಲಿಗೆ ತುದಿಯಲ್ಲಷ್ಟೇ ಗಂಟು ಹಾಕಿದ್ದರು. ಗುರುತಿನ ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಕೈಯಲ್ಲಿ ಹಿಡಿದಿದ್ದರು.

‘ಚೀಟಿ ಬಂದಿಲ್ರಿ ಟೀಚರ್ರ. ನಾವ ಡ್ಯೂಟಿಗೆ ಹೋಗಿದ್ದಾಗ ಬಂದು ಹೋಗಿರಬೇಕು. ಕಾರ್ಡ್ ಐತಿ, ನಡೀತೈತಲ್ರಿ?’ ಎಂದರು. ಮಾತಿನಲ್ಲೇ ರಾಯಚೂರಿನ ಕಡೆಯವರೆಂದು ಗೊತ್ತಾಗುತ್ತಿತ್ತು.

ಪಟ್ಟಿಯಲ್ಲಿ ಹೆಸರಿಲ್ಲದಿದ್ದರೂ ಕಾರ್ಡ್ ಇದ್ದರೆ ಸಾಕು ಎಂದುಕೊಂಡವರೇ ನಮ್ಮಲ್ಲಿ ಹೆಚ್ಚು. ನಾನು ಪಟ್ಟಿಯಲ್ಲಿ ಬೆರಳಾಡಿಸಿದೆ. ಹೆಸರು ಸಿಕ್ಕಿತು. ಅಂಚೆಚೀಟಿಯಷ್ಟು ದೊಡ್ಡ ಕಪ್ಪುಬಿಳಿ ಫೋಟೊ ಕೂಡ ಇತ್ತು. ಆದರೆ ಇಡೀ ಚೌಕದ ಮೇಲೆ ಅಡ್ಡಲಾಗಿ ರದ್ದಾಗಿದೆ ಎಂಬ ಮುದ್ರೆ ಬಿದ್ದಿತ್ತು. ಮನೆ ನಂಬರ್ ಆರು.

ಆಕೆ ಬಗ್ಗಿ ನೋಡಿದರು. ‘ನಂದ ಫೋಟೊ ಐತಲ್ರಿ,’ ಎಂದರು. ಮುಖದಲ್ಲಿ ನಗು ಬಂದಿತ್ತು. ‘ಇದೇನ್ರಿ ಮ್ಯಾಲೆ ಬರದದ್ದು?’

ಹೆಸರು ತೆಗೆದಿದ್ದಾರೆ ಎಂದೆ. ‘ತೆಗೆದಿದ್ದಾರೆ’ ಎಂದೆ, ‘ತೆಗೆದಿದ್ದೇನೆ’ ಎನ್ನಲಿಲ್ಲ.

‘ಮನೆ ಬದಲಾಯಿಸಿದ್ರಾ?’

‘ಇಲ್ರಿ. ನಾಕ್ ವರ್ಷಾತು, ಅದ ಮನಿ, ಅದ ಬೀಗ.’

ಹಿಂದೆ ನಿಂತಿದ್ದ ಇಲ್ಲಿನ ಹಿರಿಯರೊಬ್ಬರು, ‘ನಮ್ಮಪ್ಪ ಓಗಿ ಆರು ವರ್ಷ ಆಯ್ತು ಮೇಡಂ. ಅವ್ನ ಎಸ್ರು ನೋಡಿ, ಕಲ್ಲಂಗೆ ಕೂತದೆ. ಬೇಕಾದ್ರೆ ಅದನ್ನೇ ಈಯಮ್ಮಂಗೆ ಕೊಟ್ಬುಡಿ,’ ಎಂದರು. ಸಾಲಿನಲ್ಲಿದ್ದವರು ನಕ್ಕರು. ಆಕೆಯೂ ಸ್ವಲ್ಪ ನಕ್ಕರು. ಆಮೇಲೆ ನಗು ಅಲ್ಲೇ ನಿಂತಿತು.

‘ಹಂಗಾದ್ರ ನಾನು ಈಗ ಎಲ್ಲಿ ಹಾಕಬೇಕ್ರಿ? ಬಸ್ಸು ನಿನ್ನೆನ ಹೋತು.’

ಯಾವ ಬಸ್ಸು ಎಂದು ಕೇಳಿದೆ. ಆಕೆ ಹೇಳಿದ್ದನ್ನು ಆ ದಿನವೇ ಬರೆದಿಟ್ಟಿದ್ದೇನೆ, ಆದ್ದರಿಂದ ಇದನ್ನು ನಂಬಬಹುದು. ಚುನಾವಣೆ ಬಂದಾಗ ಅವರ ಊರಿನ ಕಡೆಯ ಪಕ್ಷದವರು ಬೆಂಗಳೂರಿನಲ್ಲಿ ದುಡಿಯುವವರನ್ನು ಕರೆದೊಯ್ಯಲು ಬಸ್ಸು ಕಳಿಸುತ್ತಾರೆ. ಊಟ, ಹೋಗಿಬರುವ ಖರ್ಚು ಎಲ್ಲ ಅವರದೇ. ಗಾರೆ ಕೆಲಸದ ಗಂಡ ಪ್ರತಿಸಲ ಹೋಗುತ್ತಿದ್ದರು, ಈ ಸಲವೂ ಹೋಗಿದ್ದರು. ಆಕೆ ಮಾತ್ರ ಊರಿನಿಂದ ತನ್ನ ಹೆಸರು ತೆಗೆಸಿ ಇಲ್ಲಿ ಹಾಕಿಸಿಕೊಂಡಿದ್ದರು.

‘ಆ ಬಸ್ನ್ಯಾಗ ಕುಂತ್ರ ಅವ್ರು ಹೇಳಿದವ್ರಿಗೇ ಹಾಕಬೇಕ್ರಿ. ಊರಾಗ ಇಳದ ಕೂಡ್ಲೆ ಮನಿಮನಿ ಲೆಕ್ಕ ಹಿಡದು ನಿಂತಿರ್ತಾರ. ಇಲ್ಲಾದ್ರ ನನ್ನ ಯಾರ ಕೇಳ್ತಾರ? ನನಗ ಬೇಕಾದವ್ರಿಗೆ ಹಾಕಿ ಮನಿಗೆ ಹೋಗ್ತೀನಿ ಅಂತ ಮಾಡಿದ್ದೆ.’

ಒಳಗೆ ಹೋಗಿ ಮತಗಟ್ಟೆಯ ಅಧಿಕಾರಿಯನ್ನು ಕೇಳಿ ಬಂದೆ. ಅವರು ಒಳ್ಳೆಯವರು, ಪಟ್ಟಿಯನ್ನು ಎರಡು ಸಲ ನೋಡಿದರು. ‘ಡಿಲೀಟ್ ಆಗಿದೆಯಲ್ಲ ಮೇಡಂ, ನನ್ನ ಕೈಲೇನಿದೆ’ ಎಂದರು. ಆಕೆ ಕಾರ್ಡನ್ನು ಮತ್ತೆ ಕವರಿನಲ್ಲಿ ಸುತ್ತಿಕೊಂಡರು. ಹೋಗುವಾಗ ನನ್ನನ್ನೇ ಸಮಾಧಾನ ಮಾಡಿದರು: ‘ನೀವೇನ್ ಮಾಡ್ತೀರಿ ಟೀಚರ್ರ, ಆಫೀಸಿನ ದೊಡ್ಡ ಮಂದಿ ಮಾಡಿದ್ದು.’

ನಾನು ತಲೆಯಾಡಿಸಿದೆನೇ ಸುಮ್ಮನಿದ್ದೆನೇ ನೆನಪಿಲ್ಲ. ತಲೆಯಾಡಿಸಿದ್ದರೆ ಅದು ಸುಳ್ಳು. ಸುಮ್ಮನಿದ್ದರೂ ಹೆಚ್ಚು ವ್ಯತ್ಯಾಸವಿಲ್ಲ.

ಎಂ.ಎ.ಯಲ್ಲಿ ನಾನು ರಾಜ್ಯಶಾಸ್ತ್ರ ಓದಿದವಳು. ಪರೀಕ್ಷೆಯಲ್ಲಿ ಚುನಾವಣಾ ಸುಧಾರಣೆಗಳ ಮೇಲೆ ಪ್ರಬಂಧ ಬರೆದಿದ್ದೆ. ಹಣಬಲ, ಅಪರಾಧ ಹಿನ್ನೆಲೆಯ ಅಭ್ಯರ್ಥಿಗಳು, ಪಕ್ಷಗಳಿಗೆ ಬರುವ ದೇಣಿಗೆ, ಅನುಪಾತ ಪ್ರಾತಿನಿಧ್ಯ, ಎಲ್ಲವೂ ಅದರಲ್ಲಿದ್ದವು. ಅವು ಬೇಡವೆಂದು ಈಗಲೂ ನಾನು ಹೇಳುವುದಿಲ್ಲ. ಆದರೆ ಆ ಪ್ರಬಂಧದಲ್ಲಿ ಒಂದು ಬಾಗಿಲೂ ಇರಲಿಲ್ಲ. ಆ ಬಾಗಿಲನ್ನು ಯಾವ ಹೊತ್ತಿನಲ್ಲಿ ತಟ್ಟಬೇಕು ಎಂಬ ಪ್ರಶ್ನೆಯೂ ಇರಲಿಲ್ಲ.

ಚುನಾವಣೆ ಮುಗಿದು ಎರಡನೇ ಭಾನುವಾರ ಬೆಳಿಗ್ಗೆ ಆ ವಠಾರಕ್ಕೆ ಹೋದೆ. ಮೊದಲ ಭಾನುವಾರ ಯಾಕೆ ಹೋಗಲಿಲ್ಲ ಎಂದು ಕೇಳಿದರೆ, ಹೊರಟಿದ್ದೆ, ಬಸ್ ನಿಲ್ದಾಣದಿಂದ ವಾಪಸಾದೆ. ಭಾನುವಾರ ಬೆಳಿಗ್ಗೆ ಅಲ್ಲಿ ನಲ್ಲಿ ನೀರು ಬರುವ ಹೊತ್ತು. ನಾನು ಕಂಡಿದ್ದ ಬೀಗಗಳ ವಠಾರ ಅದಲ್ಲವೇ ಅಲ್ಲ. ಎಲ್ಲ ಬಾಗಿಲೂ ತೆರೆದಿದ್ದವು, ಬಿಂದಿಗೆಗಳ ಸಾಲು ಅಂಗಳದ ತುದಿವರೆಗೆ ಇತ್ತು, ಒಂದು ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು, ಇನ್ನೊಂದರಲ್ಲಿ ಟೀವಿ. ಆಕೆ ಬಟ್ಟೆ ಒಗೆಯುವ ಕಲ್ಲಿನ ಮುಂದಿದ್ದರು. ಆಕೆಯ ಬಾಗಿಲ ಮೇಲೆ ನಾಲ್ಕು ಎಂದು ಬರೆದಿತ್ತು.

‘ನಿಮ್ಮದು ಆರನೇ ಮನೆಯಲ್ವಾ?’ ಎಂದೆ.

‘ಆರೇ ಇತ್ರಿ. ಈಗ ನಾಕು,’ ಎಂದರು.

ಯಜಮಾನಿ ವಿವರಿಸಿದರು. ಅವರು ತಲೆಮಾರುಗಳಿಂದ ಅಲ್ಲಿನವರು. ಹೊಲವಿದ್ದ ಜಾಗದಲ್ಲೇ ಸಾಲಾಗಿ ಎಂಟು ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದರು. ರಸ್ತೆಗೆ ಹತ್ತಿರದ ಮೊದಲ ಎರಡನ್ನು ಒಡೆದು ಅಂಗಡಿ ಮಾಡಿದ ಮೇಲೆ ಸುಣ್ಣ ಹೊಡೆಸಿ, ಮೂರನೆಯದರಿಂದ ಒಂದು ಎಂದು ಹೊಸದಾಗಿ ನಂಬರ್ ಬರೆಸಿದ್ದರು. ಹಳೆಯ ಆರು ನಾಲ್ಕಾಯಿತು. ಹಳೆಯ ಎಂಟು ಆರಾಯಿತು. ಅಲ್ಲಿದ್ದವನೇ ಸೋಪು ಹಚ್ಚಿದ ಮುಖದವನು. ಪಟ್ಟಿಯಲ್ಲಿ ಮಾತ್ರ ಎಲ್ಲ ಮನೆಗಳೂ ಹಳೆಯ ನಂಬರಿನಲ್ಲೇ ಉಳಿದಿದ್ದವು.

‘ನನ್ನ ಒಂದ್ ಮಾತು ಕೇಳಿದ್ರೆ ಏಳ್ತಿರ್ಲಿಲ್ವಾ ಮೇಡಂ?’ ಎಂದರು ಯಜಮಾನಿ.

‘ಕೇಳಿದ್ದೆನಲ್ಲಮ್ಮ. ನೀವು ಅವರೆಕಾಯಿ ಸುಲೀತಿದ್ರಿ.’

‘ಅವರೆಕಾಯಾ? ಪಟ್ಟಿ ನೋಡಕ್ ಬಂದಿದ್ದು ಯಾವಾಗ, ದಸರಾ ಆದ್ಮೇಲಲ್ವಾ? ಆಗ ಎಲ್ಲೈತೆ ಅವರೆ? ನಾನಾಗ ನೆಲಮಂಗ್ಲದಾಗೆ ಮಗಳ ಬಾಣಂತನಕ್ಕೋಗಿದ್ದೆ. ಒಂದ್ ತಿಂಗ್ಳು ಈ ಕಡೆ ತಲೆ ಆಕಿಲ್ಲ.’

ನಾನು ಇನ್ನೂ ಒಂದೆರಡು ಮಾತು ವಾದಿಸಿದೆ. ಹಳಿಯ ಮೇಲೆ ಗಾಡಿ ಬಂತು, ಅದು ದಾಟುವವರೆಗೆ ಎಲ್ಲರೂ ಮಾತು ನಿಲ್ಲಿಸಬೇಕಾಯಿತು. ಆ ಸದ್ದಿನ ನಡುವೆ ನನಗೆ ಅನುಮಾನ ಹುಟ್ಟಿತು. ಜಗುಲಿ, ಮೊರ, ಸಿಪ್ಪೆಯ ರಾಶಿ ಎಲ್ಲ ಕಣ್ಣಿಗೆ ಕಟ್ಟಿದಂತಿದೆ. ಅದು ಬೇರೆ ಮನೆಯದಿರಬಹುದು, ಬೇರೆ ತಿಂಗಳಿನದಿರಬಹುದು. ಕೇಳಿದ್ದೆ ಎಂದು ನಂಬಬೇಕಾಗಿದ್ದ ನಾನೇ ಅದನ್ನು ತಂದು ಆ ಅಂಗಳದಲ್ಲಿ ಇಟ್ಟಿರಬಹುದು. ಈಗಲೂ ಆ ಚಿತ್ರ ಅಳಿಸಿಲ್ಲ. ಅದನ್ನು ನಂಬುವುದನ್ನು ಬಿಟ್ಟಿದ್ದೇನೆ ಅಷ್ಟೆ.

ಗಾಡಿ ಹೋದ ಮೇಲೆ ಆಕೆಗೆ ಹೇಳಿದೆ. ‘ನಿಮ್ಮ ಹೆಸರು ತೆಗೆದದ್ದು ಆಫೀಸಿನವರಲ್ಲ. ಬರೆದುಕೊಟ್ಟವಳು ನಾನು.’

ಆಕೆ ಹಿಂಡುತ್ತಿದ್ದ ಲಂಗವನ್ನು ಪೂರ್ತಿ ಹಿಂಡಿ ಮುಗಿಸಿದರು. ಕೊಡವಿ ತಂತಿಯ ಮೇಲೆ ಹಾಕಿದರು. ಅಂಚು ಎಳೆದು ನೇರ ಮಾಡಿದರು.

‘ನೀವ ಏನ್ರಿ?’

‘ನಾನೇ.’

‘ನನಗ ಸಿಟ್ಟ ಬಂದೈತ್ರಿ ಟೀಚರ್ರ,’ ಎಂದರು, ದನಿ ಏರಿಸದೆ. ‘ಒಳಗ ಬರ್ರಿ, ಚಹಾ ಕುಡೀರಿ.’

ಹತ್ತಡಿ ಉದ್ದದ ಕೋಣೆ. ಕುರ್ಚಿ ಇರಲಿಲ್ಲ, ನನಗಾಗಿ ಚಾಪೆ ಬಿಚ್ಚಿದರು. ಚಹಾಕ್ಕೆ ಸಕ್ಕರೆ ಹೆಚ್ಚಾಗಿತ್ತು. ಆಕೆ ಒಲೆಯ ಕಡೆ ಮುಖ ಮಾಡಿಕೊಂಡೇ ಮಾತಾಡಿದರು. ಚುನಾವಣೆ ಮುಗಿಸಿ ಬಂದ ಗಂಡ ಬೆರಳಿನ ಮಸಿ ತೋರಿಸಿ ಮೂರು ದಿನ ರೇಗಿಸಿದ್ದರಂತೆ. ‘ಇಲ್ಲಿ ಹಾಕ್ತೀನಿ ಅಂತ ಮೆರದಿ, ನೋಡು, ಅಲ್ಲೂ ಇಲ್ಲ ಇಲ್ಲೂ ಇಲ್ಲ’ ಎಂದರಂತೆ. ಮುಂದಿನ ಸಲ ಊರಿಗೇ ಹೆಸರು ವಾಪಸು ಹಾಕಿಸು, ಬಸ್ಸಿನಲ್ಲಿ ಜೊತೆಗೆ ಹೋಗೋಣ ಎಂದಿದ್ದರಂತೆ.

‘ಹೋಗ್ತೀರಾ?’ ಎಂದೆ.

‘ನೀವು ಹಾಕಿಸಿಕೊಡೂದಿದ್ರ ಯಾಕ ಹೋಗ್ಲಿ? ತಗದ ಕೈಲೇ ಹಾಕ್ರಿ.’

ಅರ್ಜಿ ನನ್ನ ಚೀಲದಲ್ಲೇ ಇತ್ತು. ಅಲ್ಲೇ ಚಾಪೆಯ ಮೇಲೆ ತುಂಬಿದೆ. ಆಗ ಎಡವಿದೆವು. ಫ್ಯಾಕ್ಟರಿಯವರು ಮಾಡಿಸಿದ್ದ ಬ್ಯಾಂಕ್ ಪಾಸ್‌ಬುಕ್‌ನಲ್ಲಿ ವಿಳಾಸ ಹಳೆಯ ಆರನೇ ಮನೆ. ನಾಲ್ಕನೆಯದೇ ಆ ಆರು ಎಂದು ಯಾರಾದರೂ ಬರೆದುಕೊಡಬೇಕು. ಮತ್ತೆ ಯಜಮಾನಿಯ ಜಗುಲಿಗೆ ಹೋದೆವು.

‘ಬರ್ಕೊಡಾದು ಎಲ್ಲ ಬ್ಯಾಡ ಮೇಡಂ,’ ಎಂದರು ಅವರು. ‘ಪೇಪರ್ರು ಕೊಟ್ರೆ ನಾಳೀಕೆ ಮನೇನೇ ನಂದು ಅಂತಾರೆ. ಅಂಗೆ ಆಗಿರೋದು ನೋಡಿವ್ನಿ.’

ನಾನು ಕಾನೂನು ಹೇಳತೊಡಗಿದೆ. ಅದಕ್ಕೆ ಅವರು ಕಿವಿಯನ್ನೇ ಕೊಡಲಿಲ್ಲ. ಆಗ ಆಕೆ, ‘ಅಮ್ಮಾ, ನಿಮ್ಮ ಮನಿ ತಗೊಂಡು ಏನ್ ಮಾಡ್ಲಿ? ಮಳಿ ಬಂದ್ರ ಮೂರು ಬುಟ್ಟಿ ಇಡಬೇಕು. ಓಟಿನ ಸಲುವಾಗಿ ಮಾತ್ರ ಬರಕೊಡ್ರಿ, ಸೋರೂದು ನಾನು ಎಲ್ಲೂ ಬರಸೂದಿಲ್ಲ,’ ಎಂದರು.

ಯಜಮಾನಿ ಒಳಗೊಳಗೇ ನಕ್ಕರು. ‘ಬಾಯಿ ನೋಡು ಇವ್ಳದು,’ ಎಂದು ಎದ್ದು ಹೋಗಿ ಕರೆಂಟ್ ಬಿಲ್ಲು ತಂದರು, ತಮ್ಮ ಯಜಮಾನರನ್ನೂ ಕರೆತಂದರು. ಯಜಮಾನರು ನಾನು ಹೇಳಿದ ಎರಡು ಸಾಲನ್ನು ಬರೆದು ಸಹಿ ಹಾಕಿದರು.

ಅಂದು ಬಸ್ಸಿನಲ್ಲಿ ಕೂತು ನಾನು ಲೆಕ್ಕ ಹಾಕಿದ್ದು ಇದನ್ನೇ: ಹೆಸರು ಸೇರಿಸಲು ಪಾಸ್‌ಬುಕ್, ಫೋಟೊ, ಕರೆಂಟ್ ಬಿಲ್, ಇಬ್ಬರ ಕೈಕಾಲು ಹಿಡಿಯುವುದು. ತೆಗೆಯಲು ನನ್ನ ಪೆನ್ನಿನ ಒಂದು ಪದ. ತೂಕ ತಲೆಕೆಳಗಾಗಿದೆ. ಆ ವಾರವೇ ಮೇಲಿನ ಕಚೇರಿಗೆ ಒಂದು ಪತ್ರ ಬರೆದೆ. ಬಿಟ್ಟುಹೋಗಿದ್ದಾರೆ ಎಂದು ಹೆಸರು ತೆಗೆಯುವ ಮೊದಲು ಆ ಮನೆಗೆ ನೋಟಿಸು ಕೊಡಬೇಕು, ಉತ್ತರಕ್ಕೆ ದಿನಗಳನ್ನು ಬಿಡಬೇಕು, ಒಮ್ಮೆಯಾದರೂ ರಜಾದಿನ ಹೋಗಿ ನೋಡಬೇಕು ಎಂದು ಸುಧಾರಣೆಗಳನ್ನು ಸೂಚಿಸಿದೆ. ಸ್ವಲ್ಪ ಹೆಮ್ಮೆಯೂ ಇತ್ತು ಎಂದು ಕಾಣುತ್ತದೆ, ಎರಡು ಸಲ ನೀಟಾಗಿ ಪ್ರತಿ ಮಾಡಿದ್ದೆ.

ಕೊಡಲು ಹೋದಾಗ ಅಲ್ಲಿನ ಗುಮಾಸ್ತರು ನಿಂತಲ್ಲೇ ಓದಿದರು. ‘ಮೇಡಂ, ನೋಟಿಸ್ ಕೊಡ್ಬೇಕು ಅಂತ ರೂಲ್ಸಲ್ಲಿ ಆಗ್ಲೇ ಇದೆ,’ ಎಂದರು. ಕೊಂಕಿನಿಂದ ಹೇಳಲಿಲ್ಲ. ‘ಟ್ರೇನಿಂಗಲ್ಲಿ ಕೊಟ್ಟಿರೋ ಪುಸ್ತಕದಲ್ಲೇ ಇರುತ್ತೆ. ಟೈಮ್ ಎಲ್ಲಿ ನಿಮಗೆ, ಪಾಪ. ನಮಗೂ ಅಷ್ಟೆ.’

ಮನೆಗೆ ಬಂದು ಪುಸ್ತಕ ತೆಗೆದೆ. ಇತ್ತು. ನಾನೇ ಪೆನ್ಸಿಲಿನಲ್ಲಿ ಅಡಿಗೆರೆ ಹಾಕಿದ್ದೆ. ಇರುವ ನಿಯಮವನ್ನು ಪಾಲಿಸಲು ಬಿಡುವು ಕೊಡುವುದೂ ಒಂದು ಸುಧಾರಣೆ ಎಂದು ಆಮೇಲೆ ಅನೇಕ ಸಭೆಗಳಲ್ಲಿ ಹೇಳಿದ್ದೇನೆ. ಪಾಠ ಮಾಡುವವಳು ಊಟದ ಬಿಡುವಿನ ನಂತರ ಕದ್ದು ಮಾಡುವ ಕೆಲಸವಾಗಿ ಇದು ಇರಬಾರದು. ಆದರೆ ಆ ಅಡಿಗೆರೆ ನೋಡಿದ ಮೇಲೆ ವ್ಯವಸ್ಥೆಯ ಮೇಲೆ ಪೂರ್ತಿ ಹೊರೆ ಹಾಕಲು ನನಗೆ ಆಗಿಲ್ಲ.

ಅಲ್ಲಿಂದ ನಾನು ಭಾನುವಾರಗಳಲ್ಲಿ ಹೊರಟೆ, ನಲ್ಲಿ ನೀರಿನ ಹೊತ್ತಿಗೆ. ನಂಬರ್ ನಂಬುವುದನ್ನು ಬಿಟ್ಟೆ. ಆಕೆ ಕೆಲವು ಸಲ ಜೊತೆಗೆ ಬಂದರು. ಯಾರು ಯಾವ ಫ್ಯಾಕ್ಟರಿ, ಯಾರು ಊರಿಗೆ ಹೆರಿಗೆಗೆ ಹೋದವರು, ಯಾರು ನಿಜವಾಗಿಯೂ ಬೊಮ್ಮನಹಳ್ಳಿಗೆ ಮನೆ ಬದಲಾಯಿಸಿದವರು, ಆಕೆಗೆ ಎಲ್ಲ ಗೊತ್ತು. ‘ಇವ್ರು ಟೀಚರ್ರು. ಇರವ್ರನ್ನ ಇಲ್ಲ ಅಂತ ಬರೀತಾರ, ಎದುರಿಗೆ ಬಂದು ನಿಂದರ್ರಿ,’ ಎಂದು ಪ್ರತಿ ಬಾಗಿಲಲ್ಲೂ ನನ್ನನ್ನು ಪರಿಚಯಿಸುತ್ತಿದ್ದರು. ಮೊದಮೊದಲು ಇರಿಸುಮುರುಸಾಗುತ್ತಿತ್ತು. ಮೂರನೇ ವಠಾರದ ಹೊತ್ತಿಗೆ ನನಗೂ ನಗು ಬರತೊಡಗಿತು. ಸಿಟ್ಟು ಹೋಯಿತೇ ಎಂದು ಒಮ್ಮೆ ಕೇಳಿದೆ. ‘ಪಟ್ಟ್ಯಾಗ ಹೆಸ್ರ ಬರ್ಲಿ, ಆಮ್ಯಾಲೆ ನೋಡೂಣು,’ ಎಂದರು.

ಮರುವರ್ಷ ಲೋಕಸಭೆ ಚುನಾವಣೆ. ಕರಡು ಪಟ್ಟಿ ಬಂದ ದಿನ ಆಕೆಯ ಪುಟವನ್ನು ನಾನೇ ಮೊದಲು ನೋಡಿದೆ. ಇತ್ತು. ಅಂತಿಮ ಪಟ್ಟಿಯಲ್ಲಿ ಮತ್ತೆ ನೋಡಿದೆ. ಇತ್ತು. ಚೀಟಿಯನ್ನು ಭಾನುವಾರ ಆಕೆಯ ಕೈಗೇ ಕೊಟ್ಟೆ. ಆದರೂ ಹಿಂದಿನ ದಿನ ಸಂಜೆ ಶಾಲೆಯಲ್ಲಿ ಬೆಂಚು ಜೋಡಿಸುವಾಗ ಮತ್ತೊಮ್ಮೆ ಪಟ್ಟಿ ತೆರೆದು ನೋಡಿದೆ. ಕಾಗದದ ಮೇಲಿದ್ದ ಹೆಸರು ತಾನಾಗಿ ಅಳಿಸಿಹೋಗುವುದಿಲ್ಲ ಎಂದು ನನಗೆ ಆ ದಿನಗಳಲ್ಲಿ ಪೂರ್ತಿ ನಂಬಿಕೆ ಇರಲಿಲ್ಲ.

ಆ ಸಲವೂ ಬಸ್ಸು ಬಂದಿತ್ತು. ಆಕೆ ಹತ್ತಲಿಲ್ಲ. ಗಂಡ ಹೋದರು.

ಮತದಾನದ ದಿನ ಏಳಕ್ಕೆ ಮುಂಚೆಯೇ ಹೆಂಗಸರ ಸಾಲಿನಲ್ಲಿ ಆಕೆ ನಿಂತಿದ್ದರು. ವಠಾರದ ಇನ್ನೂ ನಾಲ್ವರು ಸಾಲಿನಲ್ಲಿ ಸಾಕಷ್ಟು ಹಿಂದೆ ಇದ್ದರು, ಎಲ್ಲರೂ ಹೊಸದಾಗಿ ಹೆಸರು ಬಂದವರು. ನನ್ನ ಮೇಜಿನ ಬಳಿ ಆಕೆ ಬರಲಿಲ್ಲ, ಕೈಯಲ್ಲಿ ಚೀಟಿ ಇತ್ತಲ್ಲ. ನನ್ನ ಕಡೆ ನೋಡಲೂ ಇಲ್ಲ. ಒಳಗೆ ಹೋದವರು ಬೇಗ ಬರಲಿಲ್ಲ. ಎರಡು ನಿಮಿಷವೋ ಹತ್ತು ನಿಮಿಷವೋ ಹೇಳಲಾರೆ. ಯಾರೋ ಕ್ರಮಸಂಖ್ಯೆ ಕೇಳಿದರು, ನಾನು ಬೇರೆ ಯಾರದೋ ಸಂಖ್ಯೆ ಹೇಳಿದೆ, ಅವರೇ ತಿದ್ದಿದರು.

ಆಕೆ ಹೊರಬಂದು ನೇರ ಮೇಜಿನ ಬಳಿ ಬಂದರು. ಎಡಗೈ ತೋರುಬೆರಳಿನ ಮಸಿ ಇನ್ನೂ ಹಸಿಯಾಗಿತ್ತು. ಒರೆಸಿಹೋಗದಂತೆ ಬೆರಳನ್ನು ಬೇರೆಯಾಗಿ ಹಿಡಿದಿದ್ದರು.

‘ಆಯ್ತಾ?’ ಎಂದೆ.

‘ಆತ್ರಿ. ಒಳಗ ಒಬ್ಬ ಸರ್ ಕುಂತಾರಲ್ರಿ, ಅವ್ರು ನನ್ನ ಹೆಸ್ರು ಜೋರಾಗಿ ಓದಿದ್ರು. ನನ್ನ ಹೆಸ್ರು, ನಮ್ಮಪ್ಪನ ಹೆಸ್ರು. ಎಲ್ಲಾರಿಗೂ ಕೇಳೂಹಂಗ.’

ಪಕ್ಷಗಳ ಏಜೆಂಟರಿಗೆ ಕೇಳಲಿ ಎಂದು ಹಾಗೆ ಓದುತ್ತಾರೆ ಎಂದು ನಾನು ವಿವರಿಸಿದೆ. ಆಕ್ಷೇಪವಿದ್ದರೆ ಅವರು ಹೇಳಬಹುದು ಎಂದೆ.

‘ಯಾರೂ ಏನೂ ಅನ್ಲಿಲ್ಲ,’ ಎಂದರು ಆಕೆ. ಬೆರಳಿನ ಮಸಿಗೆ ಊದಿದರು. ‘ಫ್ಯಾಕ್ಟರ್‍ಯಾಗ ಟೋಕನ್ ನಂಬರಿಂದ ಕರೀತಾರ, ವಠಾರದಾಗ ಮನಿ ನಂಬರಿಂದ ಕರೀತಾರ. ನನಗ ಒಂದ್ ಕ್ಷಣ ಯಾರನ್ನ ಕರದ್ರು ಅಂತ ತಿಳೀಲಿಲ್ರಿ. ಮತ್ತೊಮ್ಮೆ ಓದಿದ್ರು. ಆಗ ಹೂಂ ಅಂದೆ.’

ಆಕೆ ಮನೆಗೆ ಹೋಗುತ್ತಾರೆ ಎಂದುಕೊಂಡೆ, ಹೋಗಲಿಲ್ಲ. ಸಾಲಿನ ಕಡೆ ತಿರುಗಿ, ವಠಾರದ ಆ ನಾಲ್ವರು ನಿಂತಿದ್ದಲ್ಲಿಗೆ ನಡೆದರು. ಒಬ್ಬೊಬ್ಬರ ಭುಜ ಮುಟ್ಟಿ ಹೇಳುತ್ತ ಹೋದರು: ‘ಒಳಗ ಹೆಸ್ರು ಓದ್ತಾರ. ನನ್ನಂಗ ಸುಮ್ನ ನಿಂದರಬ್ಯಾಡ್ರಿ. ಮೊದಲ್ನೇ ಸಲಕ್ಕ ಜೋರಾಗಿ ಹೂಂ ಅನ್ರಿ.’